ಹಿತ್ತಲ ಕೋಳಿಗೆ ಕಾವಲು: ಯಾವುದಕ್ಕೆ ಬೋನು, ಯಾವುದಕ್ಕೆ ಬೇಡ

ಹಿತ್ತಲಲ್ಲಿ ಸಾಕಿದ ಹ್ಯಾಟೆ ಬೆಳಗಾಗುವಷ್ಟರಲ್ಲಿ ಕಾಣೆಯಾದರೆ ನಮ್ಮ ಮೈಸೂರು, ಮಂಡ್ಯ ಕಡೆ ಜನ ಮೊದಲು ಕೇಳುವುದು, ‘ಬೋನು ಎಲ್ಲಿ ಸಿಗುತ್ತೆ?’ ಅಂತ. ಸಿಟ್ಟು ಬರುವುದು ಸಹಜ. ಮರಿ ಇದ್ದಾಗಿನಿಂದ ನುಚ್ಚು ಹಾಕಿ, ಸಂಜೆ ಸಂಜೆ ಎಣಿಸಿ ಮುಚ್ಚಿ ಸಾಕಿದ ಕೋಳಿ ಅದು. ಎಷ್ಟೋ ಮನೆಗಳಲ್ಲಿ ಮೊಟ್ಟೆಯ ದುಡ್ಡೇ ಹೆಂಗಸರ ಕೈಖರ್ಚು. ಆದರೆ ಬೋನು ತರುವ ಮುಂಚೆ ಎರಡು ಪ್ರಶ್ನೆಗೆ ಉತ್ತರ ಬೇಕು. ಬಂದಿದ್ದು ಯಾವ ಪ್ರಾಣಿ? ಅದನ್ನು ಹಿಡಿಯುವ ಹಕ್ಕು ನಮಗಿದೆಯಾ?

ಪ್ರಾಣಿಯನ್ನು ಜೀವಂತ ಹಿಡಿದು ದೂರ ಬಿಟ್ಟು ಬರುವ ಹೊರದೇಶದ ವಿಡಿಯೋಗಳು ಬೇಕಾದಷ್ಟಿವೆ. ಅದನ್ನು ನೋಡಿಕೊಂಡು ಇಲ್ಲಿ ಹಾಗೇ ಮಾಡಲು ಹೋದರೆ ಕೇಸು ಬೀಳುತ್ತದೆ. ನಮ್ಮಲ್ಲಿ ಬೋನು ಉಪಯೋಗಕ್ಕೆ ಬರುವುದು ಇಲಿ, ಹೆಗ್ಗಣಕ್ಕೆ. ಸ್ವಲ್ಪ ಮಟ್ಟಿಗೆ ಬೀದಿ ಬೆಕ್ಕಿಗೆ. ಮಿಕ್ಕ ಎಲ್ಲಕ್ಕೂ ಗೂಡನ್ನೇ ಭದ್ರ ಮಾಡಬೇಕು. ರಾತ್ರಿ ಹೊತ್ತು ಜಾಲರಿಯ ಒಳಗೆ ಇರಬೇಕಾದ್ದು ಕೋಳಿ, ಕಾಡುಬೆಕ್ಕಲ್ಲ. ಈ ಬರಹದ ಒಂದು ದೊಡ್ಡ ಭಾಗ ಗೂಡಿನ ಬಗ್ಗೆಯೇ ಇದೆ. ಬೋನಿನ ವಿಷಯಕ್ಕೇ ಬಂದವರು ದಯವಿಟ್ಟು ಅದನ್ನು ಹಾರಿಸಬೇಡಿ.

ಕಾನೂನು ಏನು ಹೇಳುತ್ತದೆ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಅಂದರೆ ಬರೀ ಕೊಲ್ಲುವುದಲ್ಲ. ಹಿಡಿಯುವುದು, ಬೋನಿಗೆ ಬೀಳಿಸುವುದು, ಉರುಳು ಹಾಕುವುದು, ಆಸೆ ತೋರಿಸಿ ಸೆಳೆಯುವುದು, ಕೊನೆಗೆ ಇವಕ್ಕೆ ಪ್ರಯತ್ನ ಪಡುವುದು ಕೂಡ ಬೇಟೆಯೇ. ಮುಂಗುಸಿ, ಕಾಡುಬೆಕ್ಕು, ಪುನುಗು ಬೆಕ್ಕು, ನರಿ, ಉಡ, ಹೆಬ್ಬಾವು, ನಾಗರಹಾವು, ಕೇರೆಹಾವು, ಹದ್ದು, ಗಿಡುಗ, ಗೂಬೆ, ಚಿರತೆ ಎಲ್ಲವೂ ಈ ಕಾಯ್ದೆಯ ರಕ್ಷಣೆಯಲ್ಲಿವೆ. 2022ರಲ್ಲಿ ಕಾಯ್ದೆಗೆ ತಿದ್ದುಪಡಿಯಾಯಿತು, 2023ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ದಂಡದ ಮೊತ್ತವೂ ಹೆಚ್ಚಾಗಿದೆ. ಚಿರತೆ, ಹೆಬ್ಬಾವಿನಂಥ, ಕಾಯ್ದೆಯ ಮೊದಲ ಪಟ್ಟಿಯ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪ್ರಾಣಿಯಾದರೆ 3ರಿಂದ 7 ವರ್ಷದವರೆಗೆ ಜೈಲು. ‘ಸಾಯಿಸಲಿಲ್ಲವಲ್ಲ, ಹಿಡಿದು ಕಾಡಿಗೆ ಬಿಟ್ಟೆ’ ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ.

ಕಾನೂನು ಬದಿಗಿರಲಿ, ಹಿಡಿದು ದೂರ ಬಿಡುವುದರಿಂದ ಕೋಳಿಗೇನೂ ಲಾಭ ಇಲ್ಲ. ಒಂದು ಮುಂಗುಸಿ ಹೋದ ಜಾಗಕ್ಕೆ ಇನ್ನೊಂದು ಬರುತ್ತದೆ. ಗೂಡಿನ ತೂತು ಹಾಗೇ ಇದೆ, ಕೋಳಿಯ ವಾಸನೆ ಹಾಗೇ ಇದೆ, ಬರದೆ ಇನ್ನೇನು? ಬಿಟ್ಟುಬಂದ ಪ್ರಾಣಿಗೆ ಹೊಸ ಜಾಗದಲ್ಲಿ ನೀರಿನ ದಾರಿ ಗೊತ್ತಿಲ್ಲ, ಅಲ್ಲಿ ಮೊದಲೇ ಇರುವ ಅದರ ಜಾತಿಯವೇ ಅದನ್ನು ಓಡಿಸುತ್ತವೆ. ಹಿಡಿದದ್ದು ಹೆಣ್ಣಾಗಿದ್ದು ಪೊದೆಯಲ್ಲಿ ಮರಿ ಇದ್ದರೆ ಅವು ಹಸಿದು ಸಾಯುತ್ತವೆ. ಇದನ್ನು ಕರುಣೆ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಬಂದಿದ್ದು ಯಾರು? ಮೊದಲು ಗುರುತು ನೋಡಿ

ಕೋಳಿ ಹೋದ ಬೆಳಗ್ಗೆ ಗೂಡು ಗುಡಿಸಬೇಡಿ. ರೆಕ್ಕೆ ಪುಕ್ಕ, ರಕ್ತ, ಮೊಟ್ಟೆ ಚಿಪ್ಪು ಎಲ್ಲಿ ಹೇಗೆ ಬಿದ್ದಿವೆ ಅಂತ ಮೊದಲು ನೋಡಿ, ಫೋನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಹೋಗಿದ್ದು ಹಗಲೋ ರಾತ್ರಿಯೋ ಅನ್ನುವುದು ಗೊತ್ತಾದರೆ ಅರ್ಧ ಉತ್ತರ ಸಿಕ್ಕಿದ ಹಾಗೆ.

ಮುಂಗುಸಿ ಹಗಲಿನ ಪ್ರಾಣಿ. ಬೆಳಗ್ಗೆ ಬಿಸಿಲು ಏರಿದ ಮೇಲೆ, ಮಧ್ಯಾಹ್ನ ಮನೆಯವರು ಮಲಗಿದ ಹೊತ್ತಿಗೆ ಬರುತ್ತದೆ. ಮರಿ, ಪಡ್ಡೆ ಕೋಳಿಗಳ ಕತ್ತಿಗೆ, ತಲೆಗೆ ಬಾಯಿ ಹಾಕುತ್ತದೆ. ಮೊಟ್ಟೆಯನ್ನು ಗಟ್ಟಿ ಜಾಗಕ್ಕೆ ಎಸೆದು ಒಡೆದು ಕುಡಿಯುವುದೂ ಇದರ ಅಭ್ಯಾಸ. ಕಲ್ಲಿನ ಬುಡದಲ್ಲಿ ಚಿಪ್ಪಿನ ಚೂರು ಸಿಕ್ಕರೆ ಇದರ ಮೇಲೆ ಅನುಮಾನ ಪಡಬಹುದು.

ಕಾಡುಬೆಕ್ಕು ಸಾಮಾನ್ಯವಾಗಿ ಮುಸ್ಸಂಜೆ ಮತ್ತು ನಸುಕಿನಲ್ಲಿ ಬರುತ್ತದೆ. ಒಂದು ಕೋಳಿ ಹಿಡಿದು ಬೇಲಿಯಾಚೆ ಒಯ್ಯುತ್ತದೆ. ಪುಕ್ಕದ ಜಾಡು ಕಬ್ಬಿನ ಗದ್ದೆ ಅಥವಾ ನಾಲೆ ಏರಿಯ ಪೊದೆಯ ಕಡೆ ಹೋಗಿರುತ್ತದೆ. ನರಿ ಬಂದರೆ ಪುಕ್ಕವೂ ಉಳಿಯುವುದು ಕಷ್ಟ, ಇಡೀ ಕೋಳಿಯನ್ನು ಕಚ್ಚಿಕೊಂಡು ಹೋಗಿರುತ್ತದೆ. ಕೆ.ಆರ್. ಪೇಟೆ, ನಾಗಮಂಗಲ, ಮೇಲುಕೋಟೆ ಸುತ್ತಿನ ಕುರುಚಲು ಕಾಡಿನ ಅಂಚಿನವರಿಗೆ ಇದು ಗೊತ್ತಿರುವ ವಿಷಯವೇ.

ಮರದ ಮೇಲೆ ಓಡಾಡುವ ಪುನುಗು ಬೆಕ್ಕು, ಅಂದರೆ ಮರಬೆಕ್ಕು, ಬರುವುದು ಮೇಲಿನಿಂದ. ತೆಂಗಿನ ಗರಿ, ಮಾವಿನ ಕೊಂಬೆ, ಕಾಂಪೌಂಡ್ ಗೋಡೆ ಅದರ ದಾರಿ. ಗೋಡೆಯ ಮೇಲೋ ಹೆಂಚಿನ ಮೇಲೋ ಹಣ್ಣಿನ ಬೀಜ ತುಂಬಿದ ಹಿಕ್ಕೆ ಕಂಡರೆ ಅದು ನಿಮ್ಮ ಮನೆಗೆ ಓಡಾಡುತ್ತಿದೆ ಅಂತಲೇ ತಿಳಿಯಿರಿ. ಪಾಂಡವಪುರದ ಕಡೆ ಪರಿಚಯದವರೊಬ್ಬರ ಮನೆಯಲ್ಲಿ ಗೂಡು ನೋಡಲು ಕರೆದಿದ್ದರು. ಸುತ್ತ ಹೊಸ ಜಾಲರಿ, ಕೆಳಗೆ ಕಲ್ಲು ಚಪ್ಪಡಿ, ಬಾಗಿಲಿಗೆ ಬೀಗ. ‘ಕೆಳಗೆಲ್ಲಾ ಭದ್ರ ಮಾಡಿವ್ನಿ ಕಣಣ್ಣ, ಅದೆಲ್ಲಿಂದ ಬತ್ತದೋ ಗೊತ್ತಾಗ್ದು’ ಅಂದರು ಆ ಮನೆಯ ಅಕ್ಕ. ಸ್ಟೂಲು ಹತ್ತಿ ನೋಡಿದರೆ ಶೀಟಿಗೂ ಗೋಡೆಗೂ ಮಧ್ಯೆ ನಾಲ್ಕು ಬೆರಳಿನ ಸಂದು. ಶೀಟಿನ ಅಂಚಿಗೆ ಕಪ್ಪು ಬೂದು ಬಣ್ಣದ ಒರಟು ಕೂದಲು ಅಂಟಿತ್ತು. ಗೋಡೆಯ ಸುಣ್ಣ ಆ ಒಂದು ಜಾಗದಲ್ಲಿ ಮಾತ್ರ ಸವೆದು ಎಣ್ಣೆ ಹಚ್ಚಿದ ಹಾಗೆ ನುಣ್ಣಗಾಗಿತ್ತು. ದಿನಾ ಓಡಾಡುವ ಪ್ರಾಣಿ ಇಂಥ ಗುರುತು ಬಿಟ್ಟೇ ಬಿಡುತ್ತದೆ. ಹಾಗಾಗಿ ಬಗ್ಗಿ ನೋಡಿದ ಮೇಲೆ ಹತ್ತಿಯೂ ನೋಡಿ.

ನಾಯಿ ನುಗ್ಗಿದ್ದರೆ ನೋಡಿದ ಕೂಡಲೇ ಗೊತ್ತಾಗುತ್ತದೆ. ನಾಲ್ಕಾರು ಕೋಳಿ ಸತ್ತಿರುತ್ತವೆ, ಒಂದನ್ನೂ ಸರಿಯಾಗಿ ತಿಂದಿರುವುದಿಲ್ಲ. ಜಾಲರಿ ಬಗ್ಗಿರುತ್ತದೆ ಅಥವಾ ಹರಿದಿರುತ್ತದೆ. ಹಾವಾದರೆ ಮೊಟ್ಟೆ ಚಿಪ್ಪಿನ ಸಮೇತ ಮಾಯ. ನುಂಗಲು ಹೋಗಿ ಆಗದೆ ಬಿಟ್ಟ ಮರಿಯ ತಲೆ, ಕತ್ತು ಜೊಲ್ಲಿನಿಂದ ಒದ್ದೆಯಾಗಿರುತ್ತದೆ. ಹಗಲು ಹೊತ್ತು ಬಯಲಲ್ಲಿ ಮರಿ ಮಾತ್ರ ಹೋಗುತ್ತಿದ್ದರೆ ಹದ್ದು, ಗಿಡುಗ ಅಥವಾ ಕಾಗೆ.

ಇನ್ನು ಹೆಗ್ಗಣ. ಜನ ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಆದರೆ ನಾನು ನೋಡಿದ ಮಟ್ಟಿಗೆ ಮರಿಗಳು ಜಾಸ್ತಿ ಹೋಗುವುದು ಇದರ ಬಾಯಿಗೇ. ರಾತ್ರಿ ತಾಯಿಯ ರೆಕ್ಕೆಯಡಿಯಿಂದಲೇ ಮರಿಯನ್ನು ಎಳೆದು ಬಿಲಕ್ಕೆ ಒಯ್ಯುತ್ತದೆ. ಬದುಕಿ ಉಳಿದ ಮರಿಗಳ ಕಾಲಿನ ಬೆರಳು ಕಡಿದಿರುತ್ತದೆ. ಗೂಡಿನ ಮೂಲೆಯಲ್ಲಿ ಹೊಸ ಮಣ್ಣಿನ ಗುಪ್ಪೆ, ಪಕ್ಕದಲ್ಲಿ ದೊಡ್ಡ ತೂತು ಇದ್ದರೆ ಬೇರೆ ಸಾಕ್ಷಿ ಬೇಡ.

ಇಷ್ಟಾದರೂ ಅನುಮಾನ ಉಳಿದರೆ ಸಂಜೆ ಗೂಡಿನ ಸುತ್ತ ಒಲೆಯ ಬೂದಿಯನ್ನೋ ನುಣ್ಣನೆ ಮರಳನ್ನೋ ಜರಡಿ ಹಿಡಿದು ಒಂದಡಿ ಅಗಲಕ್ಕೆ ಚೆಲ್ಲಿ. ಬೆಳಗ್ಗೆ ಹೆಜ್ಜೆ ಎಣಿಸಿ. ಬೆಕ್ಕಿನ ಜಾತಿಗೆ ನಾಲ್ಕು ಬೆರಳಿನ ಗುರುತು, ಉಗುರು ಕಾಣುವುದಿಲ್ಲ. ನಾಯಿ, ನರಿಗೆ ನಾಲ್ಕು ಬೆರಳು ಮತ್ತು ಮುಂದೆ ಉಗುರಿನ ಚುಕ್ಕೆ. ಮುಂಗುಸಿ, ಪುನುಗಿಗೆ ಐದು ಬೆರಳು. ಕಸದಲ್ಲಿ ಬಿದ್ದಿರುವ ಹಳೇ ಫೋನಿಗೆ ಸಿಸಿ ಕ್ಯಾಮೆರಾ ಆ್ಯಪ್ ಹಾಕಿ ಕಿಟಕಿಯಲ್ಲಿ ಇಟ್ಟರೂ ಆಗುತ್ತದೆ, ಗೂಡಿನ ಹತ್ತಿರ ಸಣ್ಣ ಬಲ್ಬು ಉರಿಯುತ್ತಿರಬೇಕು ಅಷ್ಟೇ.

ಗೂಡು ಕಟ್ಟುವ ಕ್ರಮ

ರಾತ್ರಿ ಮಲಗಲು ಮಾತ್ರವಾದರೆ ಒಂದು ದೊಡ್ಡ ಕೋಳಿಗೆ ಎರಡು ಚದರಡಿ ಜಾಗ ಸಾಕು. ಹತ್ತು ಕೋಳಿಗೆ ನಾಲ್ಕಡಿ ಉದ್ದ, ಐದಡಿ ಅಗಲದ ಗೂಡು. ಗಿರಿರಾಜ, ಸ್ವರ್ಣಧಾರದಂಥ ಭಾರದ ತಳಿಯಾದರೆ ಇನ್ನು ಸ್ವಲ್ಪ ಜಾಸ್ತಿ ಕೊಡಿ.

ಮೊದಲ ಕೆಲಸ ಜಾಲರಿ ಆರಿಸುವುದು. ಅಂಗಡಿಯಲ್ಲಿ ಕೋಳಿ ಜಾಲರಿ ಅಂತ ಆರು ಮೂಲೆ ಕಣ್ಣಿನ ತೆಳು ತಂತಿಯದನ್ನು ಕೊಡುತ್ತಾರೆ. ಅದು ಕೋಳಿ ಹೊರಗೆ ಹೋಗದ ಹಾಗೆ ತಡೆಯುತ್ತದೆಯೇ ಹೊರತು ನಾಯಿ ಒಳಗೆ ಬರುವುದನ್ನು ತಡೆಯುವುದಿಲ್ಲ. ಹೆಗ್ಗಣ ಅದನ್ನು ಕಡಿಯುತ್ತದೆ, ನಾಯಿ ಹರಿಯುತ್ತದೆ. ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್, ಅಂದರೆ ಬೆಸುಗೆ ಹಾಕಿದ ತಂತಿ ಜಾಲರಿ, ಕೇಳಿ ತನ್ನಿ. ಬೆಲೆ ಜಾಸ್ತಿ, ನಿಜ. ಇಡೀ ಗೂಡಿಗೆ ಆಗದಿದ್ದರೆ ಕೆಳಗಿನ ಎರಡಡಿಗಾದರೂ ಅದನ್ನೇ ಹಾಕಿ, ಮೇಲೆ ಒಂದಿಂಚಿನದು ನಡೆಯುತ್ತದೆ. ನೈಲಾನ್ ಬಲೆಯನ್ನು ನೆಲದ ಹತ್ತಿರ ಕಟ್ಟಲೇಬೇಡಿ. ಕೇರೆಹಾವು ಅದರೊಳಗೆ ಸಿಕ್ಕಿ, ಚರ್ಮ ಕೊಯ್ದುಕೊಂಡು ನರಳಿ ಸಾಯುತ್ತದೆ. ಬಿಡಿಸಲು ಹೋದವರಿಗೂ ಅಪಾಯ.

ಆಮೇಲೆ ಬುಡ. ಜಾಲರಿಯನ್ನು ನೆಲಕ್ಕೆ ತಾಗಿಸಿ ನಿಲ್ಲಿಸಿದರೆ ಹೆಗ್ಗಣ, ನಾಯಿ, ನರಿ ಕೆಳಗಿನಿಂದ ತೋಡಿ ಬರುತ್ತವೆ. ಎರಡು ದಾರಿ ಇದೆ. ಸುತ್ತಲೂ ಒಂದಡಿ ಆಳ ಚರಂಡಿ ತೋಡಿ ಜಾಲರಿಯನ್ನು ಅಲ್ಲಿಯವರೆಗೆ ಇಳಿಸಿ ಮಣ್ಣು ಮುಚ್ಚುವುದು ಒಂದು. ಇಲ್ಲವೇ ಜಾಲರಿಯ ಕೆಳಭಾಗವನ್ನು ಹೊರಕ್ಕೆ ಮಡಿಸಿ, ಒಂದೂವರೆ ಅಡಿ ಅಗಲ ನೆಲದ ಮೇಲೇ ಹಾಸಿ, ಅದರ ಮೇಲೆ ಕಲ್ಲು ಹೇರುವುದು. ಮಂಡ್ಯ ಕಡೆ ಕಲ್ಲು ಚಪ್ಪಡಿ ಸುಲಭವಾಗಿ ಸಿಗುವುದರಿಂದ ಎರಡನೆಯದೇ ಸಲೀಸು. ತೋಡುವ ಪ್ರಾಣಿ ಗೋಡೆಯ ಬುಡದಲ್ಲೇ ಕೆರೆಯುತ್ತದೆ, ಒಂದೂವರೆ ಅಡಿ ಹಿಂದೆ ಸರಿದು ತೋಡಬೇಕು ಅಂತ ಅದಕ್ಕೆ ಹೊಳೆಯುವುದಿಲ್ಲ. ನಾಲೆ ಬಯಲಿನ ಜೌಗು ಮಣ್ಣಿನಲ್ಲಿ ಹೂತ ಜಾಲರಿ ಬೇಗ ತುಕ್ಕು ಹಿಡಿಯುತ್ತದೆ, ಹಾಗಾಗಿ ಅಲ್ಲಿಗೂ ಚಪ್ಪಡಿಯೇ ಒಳ್ಳೆಯದು. ಗೂಡನ್ನೇ ಎರಡಡಿ ಎತ್ತರದ ಕಲ್ಲು ಕಂಬದ ಮೇಲೆ ಕೂರಿಸಿದರೆ ಇನ್ನೂ ಲೇಸು. ಕೆಳಗೆ ಗಾಳಿಯಾಡುತ್ತದೆ, ಹಿಕ್ಕೆ ಬಳಿಯುವುದು ಸುಲಭ, ಹೆಗ್ಗಣದ ಬಿಲ ಬಿದ್ದರೆ ತಕ್ಷಣ ಕಾಣುತ್ತದೆ.

ಚಾವಣಿಯ ಕಥೆ ಆಗಲೇ ಹೇಳಿದೆ. ಶೀಟಿನ ಮೇಲೆ ಕಲ್ಲು ಹೇರಿ ಸುಮ್ನಾಗಬೇಡಿ, ಬೋಲ್ಟ್ ಹಾಕಿ. ಶೀಟಿನ ಅಲೆಯ ಸಂದಿಗೂ ಜಾಲರಿ ತುಂಬಿಸಿ. ಸಿಮೆಂಟಿನಿಂದ ಪೂರ್ತಿ ಮುಚ್ಚಿದರೆ ಏಪ್ರಿಲ್ ಬಿಸಿಲಿಗೆ ಕೋಳಿ ಬೇಯುತ್ತವೆ, ಗಾಳಿಗೆ ದಾರಿ ಇರಲೇಬೇಕು. ಗೂಡಿಗೆ ಬಾಗಿದ ಕೊಂಬೆ, ಇಳಿಬಿದ್ದ ಗರಿ ಕತ್ತರಿಸಿ.

ಬಾಗಿಲಿಗೆ ಎರಡು ಚಿಲಕ, ಮೇಲೊಂದು ಕೆಳಗೊಂದು. ಒಂದೇ ಚಿಲಕ ಇದ್ದರೆ ನಾಯಿ ಕೆಳಮೂಲೆಗೆ ಮೂತಿ ತೂರಿಸಿ ಬಗ್ಗಿಸುತ್ತದೆ. ಜಾಲರಿಯನ್ನು ಸಣ್ಣ ಪಿನ್ನಿನಲ್ಲಿ ಹೊಡೆಯದೆ ವಾಷರ್ ಇಟ್ಟು ಸ್ಕ್ರೂ ಮಾಡಿಸಿ. ಕೆಲಸ ಮುಗಿದ ಮೇಲೆ ಕತ್ತಲಾದ ಹೊತ್ತಿಗೆ ಗೂಡಿನೊಳಗೆ ಒಂದು ಟಾರ್ಚ್ ಉರಿಸಿಟ್ಟು ಹೊರಗಿನಿಂದ ಸುತ್ತ ನೋಡಿ. ಜಾಲರಿಯ ಕಣ್ಣು ಬಿಟ್ಟು ಬೆಳಕು ಸೋರುವ ಕಡೆಯೆಲ್ಲ ತೂತು ಇದೆ. ಅರ್ಧ ಇಂಚಿಗಿಂತ ದೊಡ್ಡದಿದ್ದರೆ ಮುಚ್ಚಿ.

ಕೋಳಿ ಮುಚ್ಚುವ ಹೊತ್ತು

ಎಂಥ ಗೂಡಿದ್ದರೂ ಬಾಗಿಲು ಹಾಕುವುದು ತಡವಾದರೆ ಪ್ರಯೋಜನ ಇಲ್ಲ. ನಮ್ಮ ಕಡೆ ಚಳಿಗಾಲದಲ್ಲಿ ಆರು ಗಂಟೆಗೇ ಹೊತ್ತು ಮುಳುಗುತ್ತದೆ, ಬೇಸಿಗೆಯಲ್ಲಿ ಆರೂ ಮುಕ್ಕಾಲರ ಹತ್ತಿರ. ಕೋಳಿ ತಾವಾಗಿಯೇ ಗೂಡು ಸೇರಿದ ಕೂಡಲೇ, ದೀಪ ಹಚ್ಚುವ ಮುಂಚೆಯೇ ಮುಚ್ಚಿ. ಎಣಿಸಿಯೇ ಮುಚ್ಚಿ. ‘ಕೋಳಿ ಮುಚ್ಚಿದ್ಯಾ?’ ಅಂತ ನಮ್ಮ ಅಜ್ಜಿಯಂದಿರು ದಿನಾ ಕೇಳುತ್ತಿದ್ದರಲ್ಲ, ಆ ಮಾತನ್ನು ಮನೆಯಲ್ಲಿ ಯಾರಾದರೂ ಒಬ್ಬರು ವಹಿಸಿಕೊಳ್ಳಬೇಕು. ಮರದ ಮೇಲೆ ಕೂರುವ ಅಭ್ಯಾಸ ಇರುವ ಕೋಳಿಯನ್ನು ಒಂದು ವಾರ ಹೊರಗೆ ಬಿಡದೆ ಗೂಡಿನಲ್ಲೇ ಇಟ್ಟು ಮೇವು ಹಾಕಿದರೆ ದಾರಿಗೆ ಬರುತ್ತದೆ.

ಉಳಿದ ಮೇವನ್ನು ರಾತ್ರಿ ಗೂಡಿನಲ್ಲಿ ಬಿಡಬೇಡಿ. ನುಚ್ಚಿಗೆ ಇಲಿ ಬರುತ್ತದೆ, ಇಲಿಗೆ ಹಾವು ಬರುತ್ತದೆ, ಹೆಗ್ಗಣದ ಹಿಂದೆ ಬೆಕ್ಕು ಬರುತ್ತದೆ. ಮೇವಿನ ಚೀಲವನ್ನು ಮುಚ್ಚಳ ಇರುವ ಡ್ರಮ್ಮಿನಲ್ಲಿಡಿ.

ಕಬ್ಬು ಕಟಾವಿನ ಸಮಯದಲ್ಲಿ ಎರಡು ಪಟ್ಟು ಎಚ್ಚರ ಬೇಕು. ಹತ್ತು ಹನ್ನೆರಡು ತಿಂಗಳು ಗದ್ದೆಯಲ್ಲಿ ಮರೆಯಾಗಿದ್ದ ಕಾಡುಬೆಕ್ಕು, ನರಿ, ಹೆಗ್ಗಣ ಎಲ್ಲ ಒಂದೇ ಸಲ ಬಯಲಿಗೆ ಬೀಳುತ್ತವೆ. ಪಕ್ಕದ ಗದ್ದೆಯಲ್ಲಿ ಕಟಾವು ಶುರುವಾಯಿತು ಅಂದರೆ ಆ ವಾರ ಸಂಜೆ ಅರ್ಧ ಗಂಟೆ ಮುಂಚೆಯೇ ಮುಚ್ಚಿ, ಬೆಳಗ್ಗೆ ಬಿಸಿಲು ಬಿದ್ದ ಮೇಲೆ ಬಿಡಿ.

ಹಗಲಿನ ಕಾವಲು

ಮರಿಗಳನ್ನು ಎರಡು ತಿಂಗಳಾಗುವವರೆಗೆ ತಾಯಿಯ ಜೊತೆ ಜಾಲರಿ ಕಟ್ಟಿದ ಆವರಣದಲ್ಲೇ ಮೇಯಿಸಿ. ಸಣ್ಣ ಮರಿಗಳಿಗೆ ದೊಡ್ಡ ಕುಕ್ಕೆ ಕವುಚಿ ಮೇಲೊಂದು ಕಲ್ಲಿಟ್ಟರೂ ಹದ್ದಿನಿಂದ ಉಳಿಯುತ್ತವೆ. ಮೇಲೆ ಬಲೆ ಕಟ್ಟಲು ಆಗದಿದ್ದರೆ ಅಲ್ಲಲ್ಲಿ ದಾಸವಾಳ, ನುಗ್ಗೆ, ಬಾಳೆ ನೆಡಿ. ಹುಂಜ ಎಚ್ಚರಿಕೆಯ ಕೂಗು ಹಾಕಿದ ತಕ್ಷಣ ಮರಿಗಳು ಓಡಿ ಸೇರಲು ಮರೆ ಬೇಕು. ಅದೇ ಕಾರಣಕ್ಕೆ ಒಳ್ಳೆಯ ಹುಂಜವನ್ನು ಹಬ್ಬಕ್ಕೆ ಕೊಯ್ಯುವ ಮುಂಚೆ ಇನ್ನೊಮ್ಮೆ ಯೋಚಿಸಿ.

ಮುಂಗುಸಿಗೆ ಇದರ ಉಲ್ಟಾ. ಅದಕ್ಕೆ ಅಡಗಲು ಜಾಗ ಇರಬಾರದು. ಗೂಡಿನ ಸುತ್ತ ಹತ್ತಡಿ ಲಂಟಾನ, ಒಣ ಸೋಗೆ, ಸೌದೆ ಒಟ್ಟಿಲು, ಇಟ್ಟಿಗೆ ಗುಡ್ಡೆ ಇಲ್ಲದ ಹಾಗೆ ನೋಡಿಕೊಳ್ಳಿ. ಬಯಲು ದಾಟಿ ಬರಲು ಅದು ಹಿಂಜರಿಯುತ್ತದೆ. ಮೊಟ್ಟೆಯನ್ನು ದಿನಕ್ಕೆ ಎರಡು ಸಲ ಎತ್ತಿ. ಮುಂಗುಸಿಯಿಂದ ಇಲಿ, ಹಾವಿನ ಕಾಟ ಕಡಿಮೆಯಾಗುತ್ತದೆ ಅನ್ನುವುದನ್ನೂ ಮರೆಯಬಾರದು. ಅದು ಹಿತ್ತಲಲ್ಲಿ ಓಡಾಡಲಿ, ಗೂಡಿಗೆ ಬರದಿದ್ದರೆ ಸಾಕು.

ಇಲಿ, ಹೆಗ್ಗಣಕ್ಕೆ ಬೋನು ಇಡುವ ಬಗೆ

ಇಲ್ಲಿ ಬೋನು ನಿಜವಾಗಿ ಕೆಲಸ ಮಾಡುತ್ತದೆ. ಆದರೆ ಸುಮ್ನೆ ಇಟ್ಟರೆ ಬೀಳುವುದಿಲ್ಲ, ಕ್ರಮ ಇದೆ.

ಮರದ ಇಲಿಬೋನು ಮನೆಯಿಲಿಗೆ ಸರಿ. ಹೆಗ್ಗಣ ಅದನ್ನು ಕಡಿದು ಹೋಗುತ್ತದೆ. ಅದಕ್ಕೆ ಒಂದೂವರೆ ಅಡಿ ಉದ್ದದ ಗಟ್ಟಿ ತಂತಿಯ ಬೋನು ಬೇಕು, ಬಾಗಿಲು ಬಿದ್ದ ಮೇಲೆ ಒಳಗಿನಿಂದ ಎತ್ತಲು ಬರಬಾರದು. ಕೊಳ್ಳುವಾಗ ಕೈಯಲ್ಲಿ ತಳ್ಳಿ ನೋಡಿ. ಬಾಗಿಲ ಅಂಚು ಚೂಪಾಗಿದ್ದರೆ ಬಾಲ ಕತ್ತರಿಸುತ್ತದೆ, ಹಳೇ ಸೈಕಲ್ ಟ್ಯೂಬಿನ ಪಟ್ಟಿ ಅಂಟಿಸಿ. ಅಂಟುವ ಹಾಳೆ ಬೇಡವೇ ಬೇಡ. ಇಲಿ ಅದರ ಮೇಲೆ ಗಂಟೆಗಟ್ಟಲೆ ಒದ್ದಾಡಿ ಸಾಯುತ್ತದೆ. ಮರಿಕೋಳಿ, ಹಲ್ಲಿ, ಗುಬ್ಬಿಯೂ ಅಂಟಿಕೊಳ್ಳುತ್ತವೆ.

ಬೋನನ್ನು ಬಿಸಿನೀರು, ಬೂದಿ ಹಾಕಿ ತಿಕ್ಕಿ ಒಣಗಿಸಿ. ಇಲಿ ಗೋಡೆಯ ಬುಡ ಹಿಡಿದೇ ಓಡುತ್ತದೆ. ಹಾಗಾಗಿ ಬೋನನ್ನು ಗೋಡೆಗೆ ಒತ್ತಿ, ಬಾಯಿ ಅದರ ದಾರಿಗೆ ಬರುವಂತೆ ಇಡಿ. ಅಂಗಳದ ಮಧ್ಯೆ ಇಟ್ಟ ಬೋನಿಗೆ ಹೆಗ್ಗಣ ಹೋಗುವುದು ಕಡಿಮೆ.

ಮೊದಲ ಎರಡು ಮೂರು ರಾತ್ರಿ ಬಾಗಿಲನ್ನು ತಂತಿಯಿಂದ ಕಟ್ಟಿ ತೆರೆದೇ ಬಿಡಿ, ತಿನ್ನಲು ಒಳಗಿಡಿ. ಹೊಸ ವಸ್ತು ಕಂಡರೆ ಇಲಿ ದೂರ ಸರಿಯುತ್ತದೆ. ಭಯ ಕಳೆದು ದಿನಾ ತಿಂದು ಹೋಗುವ ಅಭ್ಯಾಸವಾಗಬೇಕು. ತಿನಿಸು ಖಾಲಿಯಾಗಲು ಶುರುವಾದ ಮೇಲೆ ಬೋನು ಹೂಡಿ. ಜನ ಇದೊಂದನ್ನು ಬಿಟ್ಟು ಮೊದಲ ರಾತ್ರಿಯೇ ಹೂಡುತ್ತಾರೆ, ಒಂದು ಬಿದ್ದ ಮೇಲೆ ಮಿಕ್ಕವು ಆ ಕಡೆ ಸುಳಿಯುವುದೇ ಇಲ್ಲ.

ತಿನಿಸಿಗೆ ಕೆಂಡದಲ್ಲಿ ಸುಟ್ಟ ಕೊಬ್ಬರಿ ಚೂರಿನಷ್ಟು ಒಳ್ಳೆಯದು ಬೇರೆ ಇಲ್ಲ. ಹುರಿದ ಕಡಲೆಕಾಯಿಗೆ ಬೆಲ್ಲ ಸೇರಿಸಿ ಕುಟ್ಟಿದ ಉಂಡೆಯೂ ಆಗುತ್ತದೆ. ಒಣಮೀನಿಗೆ ಬೆಕ್ಕು, ಪುನುಗು ಎಲ್ಲ ಬರುವುದರಿಂದ ಅದನ್ನು ಬಿಡಿ. ಕೊಕ್ಕೆಗೆ ಗಟ್ಟಿಯಾಗಿ ಕಟ್ಟಿ, ಎಳೆದರೆ ಮಾತ್ರ ಬಾಗಿಲು ಬೀಳಬೇಕು.

ಬೋನನ್ನು ಕೋಳಿ ಮುಚ್ಚಿದ ಮೇಲೆ ಹೂಡಿ, ಬೆಳಗ್ಗೆ ಕೋಳಿ ಬಿಡುವ ಮುಂಚೆ ಎತ್ತಿ. ಇದು ತುಂಬಾ ಮುಖ್ಯ. ಹಗಲು ಹೂಡಿಟ್ಟರೆ ಮುಂಗುಸಿಯೋ ನಿಮ್ಮದೇ ಮರಿಯೋ ಬೀಳುತ್ತದೆ. ಮಲಗುವ ಮುಂಚೆ ಒಮ್ಮೆ, ನಸುಕಿನಲ್ಲಿ ಒಮ್ಮೆ ನೋಡಿ. ಮೇಲೆ ಗೋಣಿಚೀಲ ಹೊದಿಸಿದರೆ ಒಳಗಿನ ಜೀವ ಗಾಬರಿಯಾಗುವುದಿಲ್ಲ. ಒಂದು ತುಂಡು ಸೌತೆಕಾಯಿ ಒಳಗಿಟ್ಟಿದ್ದರೆ ಬಾಯಾರಿಕೆಗೆ ಆಗುತ್ತದೆ. ಅಷ್ಟೂ ಸಲ ನೋಡಲು ಆಗದ ದಿನ ಬೋನು ಹೂಡಲೇಬೇಡಿ.

ಬಿದ್ದ ಹೆಗ್ಗಣವನ್ನು ಏನು ಮಾಡುವುದು? ಪಕ್ಕದವರ ಭತ್ತದ ಗದ್ದೆಗೆ ಬಿಡುವುದು ನ್ಯಾಯವಲ್ಲ, ತೆನೆ ಕಡಿದು ಹಾಕುತ್ತದೆ. ಮನೆ, ಗದ್ದೆ ಇಲ್ಲದ ಗೋಮಾಳದ ಪೊದೆಯಂಚಿಗೆ ಸಂಜೆ ಬಿಡಿ. ಅಲ್ಲಿ ಗೂಬೆ, ಕೇರೆಹಾವು ಇವೆ, ಮುಂದಿನದು ಅವುಗಳ ಪಾಲು. ನೀರಿನ ಡ್ರಮ್ಮಿಗೆ ಮುಳುಗಿಸುವುದು, ಬೋನಿನ ಸಮೇತ ಬಿಸಿಲಲ್ಲಿ ಬಿಡುವುದು, ಮೇಲೆ ಕುದಿನೀರು ಹೊಯ್ಯುವುದು ಬೇಡ. ನೋವು ಅದಕ್ಕೂ ನಮ್ಮಷ್ಟೇ. ಬೋನು ಮುಟ್ಟುವಾಗ ರಬ್ಬರ್ ಗ್ಲೌಸ್ ಹಾಕಿ, ಆಮೇಲೆ ಕೈಯನ್ನೂ ಬೋನನ್ನೂ ಸೋಪಿನಲ್ಲಿ ತೊಳೆಯಿರಿ. ಇಲಿಜ್ವರ ಹರಡುವುದು ಇಲಿ, ಹೆಗ್ಗಣದ ಉಚ್ಚೆಯಿಂದ. ಕಾಲಲ್ಲಿ ಗಾಯ ಇದ್ದವರು ಮಳೆಗಾಲದಲ್ಲಿ ಗೂಡಿನ ಸುತ್ತ ಬರಿಗಾಲಲ್ಲಿ ಓಡಾಡಬಾರದು.

ಬಿಲಗಳಿಗೆ ಗಾಜಿನ ಚೂರು, ಜಲ್ಲಿ ತುಂಬಿ ಸಿಮೆಂಟು ಹಾಕಿ. ಅದಕ್ಕೂ ಮುಂಚೆ ಒಂದು ರಾತ್ರಿ ಬಿಲಕ್ಕೆ ಹಾಳೆ ಉಂಡೆ ಮಾಡಿ ತುರುಕಿ. ಹಾಳೆ ಹೊರಗೆ ಬಿದ್ದಿದ್ದರೆ ಒಳಗೆ ಇನ್ನೂ ಇದೆ, ಜೀವಂತ ಹೂಳಬೇಡಿ.

ಬೆಕ್ಕು ಮತ್ತು ನಾಯಿ

ಪಕ್ಕದ ಮನೆಯ ಬೆಕ್ಕಾದರೆ ಬೋನಲ್ಲ, ಮಾತು. ‘ಅಕ್ಕ, ನಿಮ್ಮ ಬೆಕ್ಕು ಎರಡು ಮರಿ ಹಿಡೀತು, ರಾತ್ರಿ ಹೊತ್ತು ಸ್ವಲ್ಪ ಒಳಗಿಟ್ಕೊಳ್ಳಿ’ ಅಂದರೆ ಕೇಳುತ್ತಾರೆ. ಯಾರದ್ದೂ ಅಲ್ಲದ ಬೆಕ್ಕನ್ನು ಹಿಡಿದು ಸಂತಾನಹರಣ ಮಾಡಿಸಿ ಅಲ್ಲೇ ಬಿಡುವುದು ಸರಿಯಾದ ದಾರಿ. ಎರಡೂವರೆ ಅಡಿ ಉದ್ದದ ಬೋನು, ಒಳಗೆ ಸ್ವಲ್ಪ ಮೀನು. ಬಿದ್ದ ತಕ್ಷಣ ದುಪ್ಪಟಿ ಮುಚ್ಚಿ. ಆದರೆ ಪಶುವೈದ್ಯರ ಹತ್ತಿರ ದಿನ ಗೊತ್ತು ಮಾಡಿಕೊಂಡ ಮೇಲಷ್ಟೇ ಬೋನು ಹೂಡಬೇಕು. ಹೊಟ್ಟೆಯಡಿ ಮೊಲೆ ತುಂಬಿದ್ದರೆ ಎಲ್ಲೋ ಮರಿಗಳಿವೆ, ಆಗಲೇ ಬಿಟ್ಟುಬಿಡಿ. ಬಾಲ ಗಿಡ್ಡವಾಗಿ, ಕಾಲು ಉದ್ದವಾಗಿ, ಕಿವಿಯ ತುದಿಯಲ್ಲಿ ಕಪ್ಪು ಕೂದಲಿದ್ದರೆ ಅದು ಕಾಡುಬೆಕ್ಕು. ಅದರ ತಂಟೆಗೆ ಹೋಗುವಂತಿಲ್ಲ.

ಬೀದಿನಾಯಿಯನ್ನು ನಾವೇ ಹಿಡಿದು ಬೇರೆ ಊರಿಗೆ ಬಿಡುವಂತಿಲ್ಲ. ಪಾಲಿಕೆ, ಪುರಸಭೆ ಅಥವಾ ಪಂಚಾಯಿತಿಗೆ ಬರೆದು ಕೊಡಿ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮದ ಪ್ರಕಾರ ಆ ಕೆಲಸ ಸ್ಥಳೀಯ ಸಂಸ್ಥೆಯದು. ಸತ್ತ ಕೋಳಿ, ಕೊಯ್ದ ಕೋಳಿಯ ಕರುಳು, ಪುಕ್ಕ ತಿಪ್ಪೆಗೆ ಎಸೆಯದೆ ಎರಡಡಿ ಆಳಕ್ಕೆ ಸುಣ್ಣ ಹಾಕಿ ಹೂತರೆ ನಾಯಿಗೆ ರುಚಿ ಹತ್ತುವುದಿಲ್ಲ.

ಬೋನಿಗೆ ಕಾಡುಪ್ರಾಣಿ ಬಿದ್ದುಬಿಟ್ಟರೆ

ಮುಂಗುಸಿಯೋ ಪುನುಗೋ ತಪ್ಪಿ ಬಿದ್ದಿದ್ದರೆ ಫೋಟೋಗೆ ಜನ ಸೇರಿಸಬೇಡಿ. ಬೋನಿನ ಮೇಲೆ ದಪ್ಪ ಬಟ್ಟೆ ಹೊದಿಸಿ. ಗಾಯ ಇಲ್ಲದಿದ್ದರೆ ಅಲ್ಲೇ ಬಿಡಬೇಕು, ಎಲ್ಲಿಗೂ ಒಯ್ಯಬಾರದು. ಬಾಗಿಲು ಪೊದೆಯ ಕಡೆ ಇರಲಿ. ನೀವು ಬೋನಿನ ಹಿಂದೆ ನಿಂತು, ಉದ್ದ ಕೋಲಿನಿಂದಲೋ ಹಗ್ಗದಿಂದಲೋ ಬಾಗಿಲೆತ್ತಿ. ಗಾಯವಾಗಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಮೈಸೂರಿನವರಿಗೆ ಪೀಪಲ್ ಫಾರ್ ಅನಿಮಲ್ಸ್ ರಕ್ಷಣಾ ಕೇಂದ್ರವೂ ಇದೆ.

ಕಚ್ಚಿದರೆ ಅಥವಾ ಪರಚಿದರೆ, ಅದು ಬೆಕ್ಕೇ ಇರಲಿ ಮುಂಗುಸಿಯೇ ಇರಲಿ, ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ ರೇಬಿಸ್ ಚುಚ್ಚುಮದ್ದು ಹಾಕಿಸಿಕೊಳ್ಳಿ.

ಹಾವು, ಚಿರತೆ

ಗೂಡಿನಲ್ಲಿ ಹಾವು ಕಂಡರೆ ಕೋಳಿಗಳನ್ನು ಹೊರಗೆ ಬಿಡಿಸಿ ನೀವು ದೂರ ನಿಂತು ಅದರ ಮೇಲೆ ಕಣ್ಣಿಟ್ಟಿರಿ, ಹಾವು ಹಿಡಿಯುವವರನ್ನು ಕರೆಸಿ. ಕತ್ತಲಲ್ಲಿ ಮೊಟ್ಟೆ ಬುಟ್ಟಿಗೆ ಕೈ ಹಾಕುವ ಅಭ್ಯಾಸ ಬಿಡಿ, ಟಾರ್ಚ್ ಹಿಡಿದು ನೋಡಿ. ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ನಾಟಿ ಔಷಧಿ ಅಂತ ಹೊತ್ತು ಕಳೆಯುವುದು ಬೇಡ. ಮೈಸೂರಿನವರು ಕೆ.ಆರ್. ಆಸ್ಪತ್ರೆಗೆ, ಮಂಡ್ಯದವರು ಮಿಮ್ಸ್‌ಗೆ, ದೂರವಾದರೆ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ನೇರ ಹೋಗಿ.

ಬೂದಿಯ ಮೇಲೆ ಅಂಗೈಯಗಲದ, ಉಗುರಿಲ್ಲದ ಹೆಜ್ಜೆ ಕಂಡರೆ ಮನೆಯೊಳಗೆ ಹೋಗಿ 1926ಕ್ಕೆ ಫೋನ್ ಮಾಡಿ. ಚಿರತೆ ನಮ್ಮ ಎರಡೂ ಜಿಲ್ಲೆಯ ಕಬ್ಬಿನ ಗದ್ದೆಗಳಲ್ಲಿ ಇದೆ. 2022ರ ಕೊನೆಯಲ್ಲಿ, 2023ರ ಶುರುವಿನಲ್ಲಿ ತಿ. ನರಸೀಪುರ ತಾಲ್ಲೂಕಿನಲ್ಲಿ ಜನ ಸತ್ತ ಮೇಲೆ ಮೈಸೂರಿನಲ್ಲಿ ಚಿರತೆಗೇ ಅಂತ ಕಾರ್ಯಪಡೆ ಮಾಡಿದರು. ಬೋನು ಇಡುವುದು ಅವರ ಕೆಲಸ. ನಾಯಿಯನ್ನು ಹೊರಗೆ ಕಟ್ಟಬೇಡಿ, ಮಕ್ಕಳನ್ನು ಒಬ್ಬೊಬ್ಬರನ್ನೇ ಹಿತ್ತಲಿಗೆ ಕಳಿಸಬೇಡಿ.

ಇವನ್ನು ಮಾತ್ರ ಮಾಡಬೇಡಿ

ಮೊಟ್ಟೆಗೆ ವಿಷ ಬೆರೆಸಿ ಇಡುವುದು. ಮುಂಗುಸಿಗೆ ಇಟ್ಟದ್ದನ್ನು ನಿಮ್ಮ ನಾಯಿ ತಿನ್ನುತ್ತದೆ, ಸತ್ತದ್ದನ್ನು ತಿಂದ ಕಾಗೆ, ಹದ್ದು ಸಾಯುತ್ತವೆ. ಬೇಲಿಗೆ ಮನೆಯ ಕರೆಂಟು ಹರಿಸುವುದು. ಇದರಿಂದ ಮನುಷ್ಯರೇ ಸತ್ತಿದ್ದಾರೆ, ಸಾಯುತ್ತಲೂ ಇದ್ದಾರೆ. ಉರುಳು ಹಾಕುವುದು. ಹಂದಿಗೆ ಅಂತ ಹಾಕಿದ ಉರುಳಿಗೆ ಸೊಂಟ ಸಿಕ್ಕಿಸಿಕೊಂಡು ಚಿರತೆ ನರಳುವುದು ನಮ್ಮ ಜಿಲ್ಲೆಗಳಲ್ಲಿ ಮತ್ತೆ ಮತ್ತೆ ಆಗುತ್ತಿದೆ.

ಗಾಯಗೊಂಡ ಕೋಳಿಗೆ

ದಾಳಿಯಲ್ಲಿ ಬದುಕಿ ಉಳಿದ ಕೋಳಿಯನ್ನು ಕತ್ತಲಿರುವ, ಬೆಚ್ಚಗಿನ ಪೆಟ್ಟಿಗೆಯಲ್ಲಿ ಬೇರೆ ಇಡಿ. ಗಾಯದ ಸುತ್ತ ಪುಕ್ಕ ಕತ್ತರಿಸಿ, ಉಗುರುಬೆಚ್ಚಗಿನ ಉಪ್ಪುನೀರಲ್ಲಿ ತೊಳೆದು ಪೊವಿಡೋನ್ ಅಯೋಡಿನ್ ಹಚ್ಚಿ. ನೊಣ ಕೂರದ ಹಾಗೆ ಮೇಲೆ ತೆಳ್ಳನೆ ಬಟ್ಟೆ ಮುಚ್ಚಿ, ಇಲ್ಲದಿದ್ದರೆ ಹುಳ ಬೀಳುತ್ತದೆ. ಬಾಯಿಗೆ ಬೆಲ್ಲದ ನೀರನ್ನು ಹನಿ ಹನಿಯಾಗಿ ಕೊಕ್ಕಿನ ಬದಿಗೆ ಹಾಕಿ. ಹಲ್ಲು ಆಳಕ್ಕೆ ಇಳಿದಿದ್ದರೆ ಪಶು ಆಸ್ಪತ್ರೆಗೆ ಒಯ್ಯಿರಿ, ಇಲ್ಲವೇ 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನದ ವಿಷಯ ತಿಳಿಸುತ್ತಾರೆ. ಗಾಯ ಪೂರ್ತಿ ಒಣಗುವವರೆಗೆ ಅದನ್ನು ಮಿಕ್ಕ ಕೋಳಿಗಳ ಜೊತೆ ಬಿಡಬೇಡಿ. ರಕ್ತದ ಕಲೆ ಕಂಡರೆ ಅವೇ ಅದನ್ನು ಕುಕ್ಕಿ ಸಾಯಿಸುತ್ತವೆ.